ಸಣ್ಣ ಮನೆಯಲ್ಲಿ ಹೊಲಿಗೆ ಸಾಮಾನು: ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಹೆಂಚಿನ ಮನೆಯೊಂದರಲ್ಲಿ 22 ವರ್ಷದಿಂದ ಹೊಲಿಯುತ್ತಿದ್ದೇನೆ. ನನ್ನ ಪಾಲಿಗೆ ಬಂದದ್ದು ಚಾವಡಿಯ ಒಂದು ಮೂಲೆ, ಆರಡಿಗೆ ಎಂಟಡಿ. ಮೆಷಿನ್, ಇಸ್ತ್ರಿಪೆಟ್ಟಿಗೆ, ಗಿರಾಕಿಗಳ ಬಟ್ಟೆ, ಕುಚ್ಚಿನ ನೂಲು, ಮಣಿ, ಮಗಳ ಕ್ರೋಶಾ ಉಂಡೆ, ಎಲ್ಲವೂ ಅಲ್ಲಿಯೇ. ಬ್ಲೌಸ್ ಕೊಡಲು ಬಂದವರು, ಹೊಲಿಗೆ ಕಲಿಯಲು ಬರುವ ಹುಡುಗಿಯರು, ಫೋನಿನಲ್ಲಿ ಮಾತಾಡುವ ಗೆಳತಿಯರು ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

## ಶುರು ಮಾಡುವವರಿಗೆ

ಹೊಲಿಗೆಗೆ ಅಂತ ಬೇರೆ ಕೋಣೆ ಇಲ್ಲ ಅಕ್ಕಾ, ಎಲ್ಲಿಂದ ಶುರು ಮಾಡುದು?

ಮೊದಲು ಮೆಷಿನ್‌ನ ಜಾಗ ಗಟ್ಟಿ ಮಾಡಿ. ಕಿಟಕಿಯ ಬೆಳಕು ಎಡಗಡೆಯಿಂದ ಬೀಳುವಂತೆ ಇಟ್ಟರೆ ಬಲಗೈಯ ನೆರಳು ಸೂಜಿಯ ಮೇಲೆ ಬೀಳುವುದಿಲ್ಲ. ಆದರೆ ಕಿಟಕಿಗೆ ತೀರಾ ತಾಗಿಸಿ ಇಡಬೇಡಿ, ಇರಿಚಲು ನೀರು ಹೊಡೆಯುತ್ತದೆ.

ಆಮೇಲೆ ಒಂದು ಬ್ಲೌಸ್ ಹೊಲಿಯಿರಿ. ಎಷ್ಟು ಸಲ ಎದ್ದಿರಿ, ಯಾವುದಕ್ಕೆ ಎದ್ದಿರಿ ಎಂದು ಚಾಕ್‌ನಲ್ಲಿ ಮೇಜಿನ ಮೇಲೆಯೇ ಗೆರೆ ಹಾಕುತ್ತಾ ಹೋಗಿ. ನಾನು ಮೊದಲ ಸಲ ಹೀಗೆ ಲೆಕ್ಕ ಹಾಕಿದಾಗ ಒಂದು ಬ್ಲೌಸಿಗೆ 14 ಸಲ ಎದ್ದಿದ್ದೆ. ಅದರಲ್ಲಿ ಐದು ಸಲ ಕತ್ತರಿಗೆ! ಕತ್ತರಿ, ಟೇಪು, ಚಾಕ್, ಹೊಲಿಗೆ ಬಿಚ್ಚುವ ಕೊಕ್ಕೆ, ಬಾಬಿನ್, ಗುಂಡುಸೂಜಿ ಈ ಆರೂ ಕೂತಲ್ಲಿಂದಲೇ ಕೈಗೆ ಸಿಗಬೇಕು. ಹುಕ್ಕು, ಲೈನಿಂಗ್, ಕ್ಯಾನ್ವಾಸ್, ಫಾಲ್ ಎದ್ದು ಎರಡು ಹೆಜ್ಜೆ ಇಟ್ಟರೆ ಸಿಕ್ಕಿದರೆ ಸಾಕು. ವರ್ಷಕ್ಕೆರಡು ಸಲ ಬೇಕಾಗುವುದು ಅಟ್ಟಕ್ಕೆ ಹೋಗಲಿ. ಜಾಗ ಹಂಚುವಾಗ ನಾನು ನೋಡುವುದು ಇದೊಂದೇ ಅಳತೆ.

ಅಂಗಡಿಯಲ್ಲಿ ಚಂದ ಚಂದದ ಡಬ್ಬಗಳುಂಟು. ತೆಗೊಳ್ಳಲಾ?

ಈಗಲೇ ಬೇಡ. ಡಬ್ಬ ಮೊದಲು ಬಂದರೆ ಡಬ್ಬಕ್ಕೆ ತಕ್ಕಂತೆ ಸಾಮಾನು ಸೇರಿಸುತ್ತೇವೆ. ಇರುವುದನ್ನೆಲ್ಲ ಚಾಪೆಯ ಮೇಲೆ ಸುರಿದು ಬೇರೆ ಬೇರೆ ಮಾಡಿ, ಎಷ್ಟುಂಟು ಎಂದು ನೋಡಿ, ಆಮೇಲೆ ಡಬ್ಬ ಹುಡುಕಿ.

ನಮ್ಮ ಕಡೆ ಡಬ್ಬಕ್ಕೆ ಬರವಿಲ್ಲ. ಗಲ್ಫಿನಿಂದ ಬರುವವರು ತಂದ ನಿಡೋ ಹಾಲಿನ ಪುಡಿಯ ಡಬ್ಬ, ಬಿಸ್ಕೆಟ್ ತಗಡು ಇಲ್ಲದ ಮನೆ ಕಾಸರಗೋಡಿನಲ್ಲಿ ಕಡಿಮೆ. ಲೇಸು, ಬಟ್ಟೆ ತುಂಡು, ಎಲಾಸ್ಟಿಕ್‌ಗೆ ಅವು ಚೆನ್ನ. ಆದರೆ ಕುಂಬಳೆ, ಮಂಜೇಶ್ವರದಂತೆ ಕಡಲಿಗೆ ಹತ್ತಿರ ಇರುವವರು ತಗಡಿನ ತಳವನ್ನು ಆಗಾಗ ಎತ್ತಿ ನೋಡಬೇಕು, ಉಪ್ಪು ಗಾಳಿಗೆ ತುಕ್ಕು ತಳದಿಂದಲೇ ಹತ್ತುತ್ತದೆ. ಹುಕ್ಕು, ಬಟನ್, ಝಿಪ್‌ಗೆ ಒಳಗಿದ್ದದ್ದು ಹೊರಗೆ ಕಾಣುವ ಪ್ಲಾಸ್ಟಿಕ್ ಡಬ್ಬವೇ ಒಳ್ಳೆಯದು. ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಇಡಬೇಡಿ. ರಟ್ಟು ತೇವ ಕುಡಿಯುತ್ತದೆ, ಒರಲೆಗೂ ಅದೇ ಊಟ.

ನೂಲು, ಬಾಬಿನ್ ಎಲ್ಲ ಯಾವಾಗ ನೋಡಿದ್ರೂ ಸಿಕ್ಕು. ಎಂತ ಮಾಡುದು?

ಹಿಡಿಸೂಡಿಯಿಂದ (ಕಡ್ಡಿ ಪೊರಕೆ) ಗಟ್ಟಿಯಾದ ಒಂದು ಕಡ್ಡಿ ಎಳೆದುಕೊಳ್ಳಿ. ಅದರ ಬುಡಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ, ಮೊದಲು ನೂಲುಂಡೆ, ಅದರ ಮೇಲೆ ಅದೇ ಬಣ್ಣದ ಬಾಬಿನ್ ಪೋಣಿಸಿ, ತುದಿಗೆ ಇನ್ನೊಂದು ರಬ್ಬರ್ ಬ್ಯಾಂಡ್ ಸುತ್ತಿ. ಒಂದು ಬಣ್ಣಕ್ಕೆ ಒಂದು ಕಡ್ಡಿ. ಕಡ್ಡಿಗಳನ್ನು ಅಗಲ ಬಾಯಿಯ ಬಾಟಲಿಯಲ್ಲಿ ನಿಲ್ಲಿಸಿದರೆ ಬಣ್ಣಗಳು ಎದುರಿಗೇ ಕಾಣುತ್ತವೆ. ಇದನ್ನು ನನಗೆ ಹೇಳಿಕೊಟ್ಟದ್ದು ನನ್ನ ಅತ್ತೆ. ಕರಿಯ ಪೆಡಲ್ ಮೆಷಿನ್‌ನ ಬಾಬಿನ್ನೂ ಹೊಸ ಮೋಟಾರು ಮೆಷಿನ್‌ನ ಬಾಬಿನ್ನೂ ನೋಡಲು ಒಂದೇ ತರ ಇದ್ದರೂ ಅಳತೆ ಬೇರೆ ಇರಬಹುದು, ಒಟ್ಟಿಗೆ ಹಾಕಬೇಡಿ. ಕೆಳಗಿನ ನೂಲು ಗಂಟು ಬೀಳುತ್ತದೆ ಎಂದು ಬಂದವರಲ್ಲಿ ಎಷ್ಟೋ ಮಂದಿಯ ತಕರಾರು ಬಾಬಿನ್ ಅದಲುಬದಲಾದದ್ದು.

ನೂಲನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬಾರದು, ಬಣ್ಣವೂ ಹೋಗುತ್ತದೆ, ಬಲವೂ ಹೋಗುತ್ತದೆ. ಹಳೆಯ ನೂಲನ್ನು ಒಂದು ಗೇಣು ಎಳೆದು ಜಗ್ಗಿ ನೋಡಿ. ಟಪ್ಪೆಂದು ಸದ್ದು ಮಾಡಿ ತುಂಡಾದರೆ ಇನ್ನೂ ಜೀವ ಉಂಟು. ಸದ್ದಿಲ್ಲದೆ ಬಿಟ್ಟುಕೊಂಡರೆ ಕಚ್ಚಾ ಹೊಲಿಗೆಗೆ ಮಾತ್ರ.

ಸೂಜಿಗಳ ನಂಬರ್ ನೆನಪೇ ಇರುದಿಲ್ಲ. ಮನೆಯಲ್ಲಿ ಮಗು ಬೇರೆ ಉಂಟು.

ತೆಳು ಬಟ್ಟೆಗೆ 11, ಸಾಧಾರಣ ಹತ್ತಿಗೆ 14, ದಪ್ಪಕ್ಕೆ 16, ಜೀನ್ಸಿಗೆ 18. ಪೊಟ್ಟಣದಲ್ಲಿ 75, 90, 100, 110 ಎಂದು ಕಂಡರೆ ಅದೂ ಇದೇ ಸಾಲು. ಸೂಜಿಯನ್ನು ಪೊಟ್ಟಣದಿಂದ ತೆಗೆದು ಪಿನ್ ಕುಶನ್‌ಗೆ ಚುಚ್ಚಿಟ್ಟರೆ ನಂಬರ್ ಹೋಯಿತು ಎಂದೇ ಲೆಕ್ಕ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ಅರ್ಧ ಬಳಸಿದ ಸೂಜಿಗಾಗಿ ಒಂದು ಬಟ್ಟೆ ತುಂಡಿನಲ್ಲಿ ನಾಲ್ಕು ಮನೆ ಬರೆದು, ನಂಬರ್ ಹಾಕಿ, ಅಲ್ಲಲ್ಲಿಗೆ ಚುಚ್ಚಿ.

ಮುರಿದ ಸೂಜಿ ಗುಳಿಗೆಯ ಖಾಲಿ ಡಬ್ಬಿಗೆ, ಮುಚ್ಚಳಕ್ಕೆ ಟೇಪು. ಗುಂಡುಸೂಜಿಯನ್ನು ಎಣಿಸಿಡಿ: ನನ್ನ ಕುಶನ್‌ನಲ್ಲಿ ಯಾವತ್ತೂ 25, ಸಂಜೆ ಏಳುವ ಮೊದಲು 25 ಆಗಲೇಬೇಕು. ಒಂದು ಕಡಿಮೆಯಾದರೂ ಹಳೆಯ ಸ್ಪೀಕರಿನ ಅಯಸ್ಕಾಂತ ಹಿಡಿದು ನೆಲವಿಡೀ ಆಡಿಸುತ್ತೇನೆ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಇದನ್ನು ಒಂದು ದಿನವೂ ಬಿಡಬೇಡಿ.

ಬಾಡಿಗೆ ಮನೆ. ಗೋಡೆಗೆ ಆಣಿ ಹೊಡಿಲಿಕ್ಕೆ ಬಿಡುದಿಲ್ಲ.

ಬಾಗಿಲಿನ ಹಿಂದೆ ನೇತು ಹಾಕುವ ಜೇಬಿನ ಬಟ್ಟೆ ಹೊಲಿಯಿರಿ. ಹಳೆಯ ದಪ್ಪ ಬೆಡ್‌ಶೀಟ್ ಅಥವಾ ಜೀನ್ಸ್ ಸಾಕು. ಹಿಂಬದಿಗೆ ಎರಡು ಪದರದ ಬಟ್ಟೆ, ಹೊಲಿದ ಮೇಲೆ 50 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದ ಇರಲಿ. ಜೇಬಿಗೆ 70 ಸೆಂ.ಮೀ. ಉದ್ದ, 22 ಸೆಂ.ಮೀ. ಎತ್ತರದ ನಾಲ್ಕು ಪಟ್ಟಿ. ಪಟ್ಟಿ ಹಿಂಬದಿಗಿಂತ 20 ಸೆಂ.ಮೀ. ಹೆಚ್ಚಿರುವುದು ಎರಡು ಕಡೆಯ ಮಡಿಕೆಗೂ ನೆರಿಗೆಗೂ. ಒಂದೊಂದು ಜೇಬಿನ ಬುಡದಲ್ಲಿ 6 ಸೆಂ.ಮೀ. ನೆರಿಗೆ ಹಿಡಿದು ಮೂರು ಜೇಬು ಮಾಡಿ. ನೆರಿಗೆ ಇಲ್ಲದಿದ್ದರೆ ಜೇಬಿನೊಳಗೆ ನೂಲುಂಡೆಯೂ ಹೋಗುವುದಿಲ್ಲ. ಒಟ್ಟು ಹನ್ನೆರಡು ಜೇಬು. ಮೇಲ್ತುದಿಯಲ್ಲಿ ಕೋಲು ತೂರಿಸಲು ಜಾಗ ಬಿಟ್ಟು, ಬಾಗಿಲಿನ ಮೇಲಂಚಿಗೆ ಸಿಕ್ಕಿಸುವ ಕೊಕ್ಕೆಯಿಂದ ತೂಗುಹಾಕಿ. ಭಾರದ ಕತ್ತರಿ ಕೆಳಸಾಲಿಗೆ. ಮನೆ ಬಿಡುವ ದಿನ ಸುತ್ತಿ ಚೀಲಕ್ಕೆ ಹಾಕಿದರಾಯಿತು.

## ಮಳೆಗಾಲದ ಪ್ರಶ್ನೆಗಳು

ಆಟಿಯಲ್ಲಿ ಪೆಟ್ಟಿಗೆ ತೆಗೆದ್ರೆ ಬಟ್ಟೆಗೆಲ್ಲ ಬೂಸ್ಟು. ಇದಕ್ಕೆ ಮದ್ದೇ ಇಲ್ವಾ?

ಎಲ್ಲಕ್ಕಿಂತ ಹೆಚ್ಚು ಸಲ ಬಂದ ಪ್ರಶ್ನೆ ಇದು. ಆಟಿ ಎಂದರೆ ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಒಣ ಊರಿನವರು ಹೇಳುವ ಅಚ್ಚುಕಟ್ಟು ಇಲ್ಲಿ ನಡೆಯುವುದಿಲ್ಲ. ಇಲ್ಲಿ ಸಾಮಾನು ಜೋಡಿಸುವುದೆಂದರೆ ಮೊದಲು ತೇವವನ್ನು ಹೊರಗಿಡುವುದು, ಚಂದ ಆಮೇಲಿನದ್ದು.

ನನ್ನ ಗಡುವು ಪತ್ತನಾಜೆ, ತುಳು ಪಂಚಾಂಗದ ಒಂದು ವಿಶೇಷ ದಿನ. ಮೇ ತಿಂಗಳ 24, 25ರ ಹೊತ್ತಿಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ವೇಷಭೂಷಣಗಳು ಪೆಟ್ಟಿಗೆ ಸೇರುತ್ತವೆ. ಅದಕ್ಕೆ ಮೊದಲು ನನ್ನ ಬಟ್ಟೆಯೂ ಪೆಟ್ಟಿಗೆ ಸೇರಬೇಕು. ಮೇ ಮೊದಲ ವಾರದಲ್ಲಿ ಎಲ್ಲವನ್ನೂ ಹೊರಗೆ ತೆಗೆದು ಅಂಗಳದಲ್ಲಿ ಹರಡುತ್ತೇನೆ. ಹತ್ತಿಗೆ ನೇರ ಬಿಸಿಲು, ಬಣ್ಣದ್ದಕ್ಕೂ ರೇಷ್ಮೆಗೂ ನೆರಳಿನ ಗಾಳಿ. ಸಂಜೆ ತಂದ ತಕ್ಷಣ ಪೆಟ್ಟಿಗೆಗೆ ತುಂಬುವುದು ದೊಡ್ಡ ತಪ್ಪು. ಬಿಸಿ ಬಟ್ಟೆಯನ್ನು ಮುಚ್ಚಿಟ್ಟರೆ ಒಳಗಿನ ಗಾಳಿ ತಣಿದು ಬೆವರುತ್ತದೆ. ಒಳಗೆ ತಂದು ಚಾಪೆಯ ಮೇಲೆ ಒಂದೆರಡು ಗಂಟೆ ಆರಲು ಬಿಡಿ, ಕೈಗೆ ಬಿಸಿ ತಾಗದೆ ಇದ್ದಾಗ ಮಡಚಿ. ಇಸ್ತ್ರಿ ಹಾಕಿದ ಬಟ್ಟೆಗೂ ಇದೇ ಮಾತು.

ಪೆಟ್ಟಿಗೆ ಗೋಡೆಗೆ ತಾಗದೆ ನಾಲ್ಕು ಬೆರಳು ದೂರ ಇರಲಿ, ನೆಲಕ್ಕೆ ತಾಗದೆ ಹಲಗೆಯ ಮೇಲೆ ಇರಲಿ. ಮಳೆ ಬಿಟ್ಟು ಎರಡು ದಿನ ಬಿಸಿಲು ಬಂದರೆ ಮಾತ್ರ ಮುಚ್ಚಳ ತೆಗೆಯಿರಿ. ಧೋ ಎಂದು ಸುರಿಯುವಾಗ ಗಾಳಿಯಾಡಲಿ ಎಂದು ತೆರೆದಿಟ್ಟರೆ ತೇವವನ್ನು ಕರೆದು ಕೂರಿಸಿದ ಹಾಗೆ.

ಸಿಲಿಕಾ ಜೆಲ್ ನಿಜವಾಗಿಯೂ ಕೆಲಸ ಮಾಡುತ್ತದೆ, ಆದರೆ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಒಂದು ಚಿಟಿಕೆ ಪೊಟ್ಟಣದಿಂದ ಏನೂ ಆಗದು. ದೊಡ್ಡ ಡಬ್ಬಕ್ಕೆ ಒಂದು ಹಿಡಿಯಷ್ಟನ್ನು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ಹಾಕಬೇಕು, ಮುಚ್ಚಳ ಬಿಗಿ ಇರಬೇಕು. ನೀಲಿ ಹರಳು ತೇವ ಕುಡಿದಾಗ ಗುಲಾಬಿಯಾಗುತ್ತದೆ. ಅಡುಗೆಗೆ ಬಳಸದ ಹಳೆಯ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ನೀಲಿಗೆ ಕೋಬಾಲ್ಟ್ ಸೇರಿರುತ್ತದೆ, ಆದ್ದರಿಂದ ಮಕ್ಕಳಿರುವ ಮನೆಯವರು ಕಿತ್ತಳೆ ಬಣ್ಣದ್ದನ್ನು ಕೇಳಿ ತನ್ನಿ.

ಬೂಸ್ಟು ಬಂದೇ ಬಿಟ್ಟಿದ್ದರೆ ಒಳಗೆ ಕೊಡವಬೇಡಿ, ಪುಡಿ ಎಲ್ಲ ಬಟ್ಟೆಗೂ ಹಾರುತ್ತದೆ. ಜಗಲಿಗೆ ಒಯ್ದು ಒಣ ಬ್ರಷ್‌ನಿಂದ ಉಜ್ಜಿ, ಆಮೇಲೆ ಒಗೆಯಿರಿ.

ಬಟ್ಟೆಗೆ ಪಿನ್ನಿನ ತುಕ್ಕು ಹಿಡಿದು ಕಲೆ ಆಯ್ತು. ಹೀಗಾಗದ ಹಾಗೆ ಹೇಗೆ ಇಡುದು?

ನನ್ನ ಕೈಯಲ್ಲೇ ಆದದ್ದನ್ನು ಹೇಳುತ್ತೇನೆ. ಒಬ್ಬ ಅಮ್ಮ ಫಾಲ್ ಹಾಕಲು ಬಿಳಿ ಕಾಸರಗೋಡು ಸೀರೆ ಕೊಟ್ಟಿದ್ದರು. ಇಲ್ಲಿನ ಕೈಮಗ್ಗದ ಹತ್ತಿ ಸೀರೆ, ಭೌಗೋಳಿಕ ಸೂಚಕದ ಮನ್ನಣೆ ಇರುವಂಥದ್ದು. ಹೆಸರಿನ ಚೀಟಿಯನ್ನು ಸೇಫ್ಟಿ ಪಿನ್ನಿನಿಂದ ಸೆರಗಿಗೆ ಚುಚ್ಚಿಟ್ಟೆ. ಅವರು ಆಸ್ಪತ್ರೆ ಸೇರಿ ಮೂರು ವಾರ ಬರಲಿಲ್ಲ, ಹೊರಗೆ ಜುಲೈ ಮಳೆ. ಬಿಚ್ಚಿ ನೋಡಿದರೆ ಸೆರಗಿನಲ್ಲಿ ಪಿನ್ನಿನ ಆಕಾರದಲ್ಲೇ ಕಂದು ಗೆರೆ. ನಿಂಬೆರಸಕ್ಕೆ ಉಪ್ಪು ಬೆರೆಸಿ ಹಚ್ಚಿ, ಬಿಸಿಲಿಗಾಗಿ ನಾಲ್ಕು ದಿನ ಕಾದು, ಮೂರು ಸಲ ಮಾಡಿದ ಮೇಲೆ ಮಸುಕಾಯಿತು. ಪೂರ್ತಿ ಹೋಗಲಿಲ್ಲ. ಅವರು ಒಂದು ಮಾತೂ ಅನ್ನಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಅಂದಿನಿಂದ ಇನ್ನೊಬ್ಬರ ಬಟ್ಟೆಗೆ ನಾನು ಪಿನ್ನು ಚುಚ್ಚುವುದಿಲ್ಲ, ಚೀಟಿಯನ್ನು ನೂಲಿನಲ್ಲಿ ಒಂದು ಟಾಕು ಹಾಕಿ ನಿಲ್ಲಿಸುತ್ತೇನೆ. ಹುಕ್ಕು, ಪಿನ್ನು, ಸೂಜಿ ಇರುವ ಡಬ್ಬಕ್ಕೆ ಸಿಲಿಕಾ ಚೀಲ ಕಡ್ಡಾಯ. ನಿಂಬೆ ಉಪ್ಪಿನ ಮದ್ದು ಬಿಳಿ ಹತ್ತಿಗೆ ಮಾತ್ರ, ಬಣ್ಣದ ಬಟ್ಟೆಯಲ್ಲಿ ಬಣ್ಣವೇ ಹೋದೀತು.

ಜರಿ ಬಾರ್ಡರ್, ಜರಿ ನೂಲು ಕಪ್ಪಾಗ್ತದೆ. ನುಸಿಗುಳಿಗೆ ಹಾಕಿಟ್ಟಿದ್ದೆ, ಆದ್ರೂ.

ನುಸಿಗುಳಿಗೆ ಜರಿಗೆ ತಾಗುವಂತೆ ಇಡಬಾರದು. ಜರಿಯಲ್ಲಿರುವ ಬೆಳ್ಳಿಯೋ ತಾಮ್ರವೋ ಗಾಳಿಗೂ ತೇವಕ್ಕೂ ಕಪ್ಪಾಗುತ್ತದೆ. ಒಗೆದು ಮೆತ್ತಗಾದ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ, ಜರಿ ಜರಿಗೆ ಉಜ್ಜದಂತೆ ಇಡಿ. ಪರಿಮಳಕ್ಕೂ ಹುಳಕ್ಕೂ ಅಜ್ಜಿಯಂದಿರ ಕಾಲದ ಲಾವಂಚದ ಬೇರು, ಬಜೆ, ಲವಂಗ ಸಾಕು, ಪುಟ್ಟ ಚೀಲದಲ್ಲಿ ಕಟ್ಟಿ ಮೂಲೆಗೆ ಇಡಿ. ಕಹಿಬೇವಿನ ಎಲೆ ಗರಿಗರಿಯಾಗಿ ಒಣಗಿರಬೇಕು, ಅರೆಹಸಿ ಎಲೆಯೇ ಬೂಸ್ಟು ತರುತ್ತದೆ.

ಮಳೆಗಾಲದಲ್ಲಿ ಮೆಷಿನ್ ಗಟ್ಟಿಯಾಗ್ತದೆ. ತೆಂಗಿನೆಣ್ಣೆ ಬಿಟ್ರೆ ಆಗ್ಲಿಕ್ಕಿಲ್ವಾ?

ಖಂಡಿತ ಬೇಡ. ತೆಂಗಿನೆಣ್ಣೆ ಕೆಲವೇ ವಾರದಲ್ಲಿ ಅಂಟಾಗುತ್ತದೆ, ಧೂಳು ಹಿಡಿದು ಮೆಷಿನ್ ಇನ್ನಷ್ಟು ಬಿಗಿಯಾಗುತ್ತದೆ. ಹೊಲಿಗೆ ಮೆಷಿನ್‌ನ ತೆಳು ಬಿಳಿ ಎಣ್ಣೆಯೇ ಬೇಕು. ಎಣ್ಣೆ ಬಿಟ್ಟ ಮೇಲೆ ಬೇಡದ ಬಟ್ಟೆಯ ಮೇಲೆ ಒಂದೆರಡು ನಿಮಿಷ ಓಡಿಸಿ.

ಸೂಜಿಯ ಕೆಳಗಿನ ತಗಡು ಬಿಚ್ಚಿ ಹಲ್ಲುಗಳ ಸಂದಿಯ ಹತ್ತಿಯನ್ನು ಹಳೆಯ ಟೂತ್‌ಬ್ರಷ್‌ನಿಂದ ತೆಗೆಯಿರಿ. ಆ ಹತ್ತಿ ತೇವ ಹಿಡಿದಿಟ್ಟು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಪೆಡಲ್ ಮೆಷಿನ್‌ನ ಚರ್ಮದ ಬೆಲ್ಟ್ ಸಡಿಲಾದರೆ ಅರ್ಧ ಇಂಚು ಕತ್ತರಿಸಿ ಕೊಕ್ಕೆ ಮತ್ತೆ ಹಾಕಿ. ಹೊದಿಕೆ ಬಟ್ಟೆಯದ್ದಾಗಿರಲಿ, ಪ್ಲಾಸ್ಟಿಕ್ ಒಳಗೇ ಬೆವರುತ್ತದೆ.

## ಕೈಕೆಲಸದ ಸಾಮಾನು

ಮಣಿ, ಚಮ್ಕಿ, ಕುಂದನ್ ಎಲ್ಲ ಬೆರಕೆ ಆಗಿ ಹೋಗ್ತದೆ.

ಕೆಲಸ ಮಾಡುವಾಗ ಬೆರಕೆಯಾಗುವುದೇ ಹೆಚ್ಚು, ಇಟ್ಟಲ್ಲಿ ಅಲ್ಲ. ಮಣಿ ಸುರಿಯಲು ಸ್ಟೀಲ್ ತಟ್ಟೆ ಬೇಡ, ಕೈ ತಾಗಿದರೆ ಎಲ್ಲ ಒಂದೇ ಕಡೆ ಜಾರುತ್ತದೆ. ಅಡಿಕೆ ಹಾಳೆಯ ತಟ್ಟೆ ತೆಗೆದುಕೊಳ್ಳಿ. ಅದರ ಮೈಯ ಗೆರೆಗಳಲ್ಲಿ ಮಣಿ ನಿಲ್ಲುತ್ತದೆ, ಅಂಚು ಎತ್ತರ ಇರುವುದರಿಂದ ನೆಲಕ್ಕೆ ಬೀಳುವುದಿಲ್ಲ, ಕಂದು ಬಣ್ಣದ ಮೇಲೆ ಬಿಳಿ ಮಣಿ ಚೆನ್ನಾಗಿ ಕಾಣುತ್ತದೆ. ಒಂದು ಬಣ್ಣಕ್ಕೆ ಒಂದು ತಟ್ಟೆ. ಕೆಲಸ ಮುಗಿದ ಮೇಲೆ ತಟ್ಟೆಯನ್ನು ಸ್ವಲ್ಪ ಬಾಗಿಸಿ ಡಬ್ಬಿಗೆ ಸುರಿಯಬಹುದು.

ಕಾಸರಗೋಡಿನ ತಳಂಗರೆಯಲ್ಲಿ ಮುಸ್ಲಿಮರ ಬಿಳಿ ಟೊಪ್ಪಿಗೆ ಕೈಕಸೂತಿ ಹಾಕುವ ಹೆಂಗಸರನ್ನು ನೆನೆದರೆ ನನಗೆ ಗೌರವ ಹುಟ್ಟುತ್ತದೆ. ಬಿಳಿ ಬಟ್ಟೆಯ ಮೇಲೆ ಅಷ್ಟು ಸಣ್ಣ ಕೆಲಸ. ಬಿಳಿಯ ಕೆಲಸಕ್ಕೆ ನಾನೂ ಬೇರೆಯೇ ಸೂಜಿ, ಬೇರೆಯೇ ಬಿಳಿ ಚೀಲ ಇಟ್ಟಿದ್ದೇನೆ. ಬಣ್ಣದ ನೂಲಿನ ಒಂದು ಎಳೆಯೂ ಆ ಚೀಲಕ್ಕೆ ಹೋಗುವುದಿಲ್ಲ.

ಕುಚ್ಚು ಕಟ್ಟುವಾಗ ನೂಲು ಮುಗಿಯಿತು, ಅದೇ ಬಣ್ಣ ಮತ್ತೆ ಸಿಕ್ಕಲಿಲ್ಲ.

ನೂಲುಂಡೆಯ ಚೀಟಿಯಲ್ಲಿ ಬಣ್ಣದ ನಂಬರ್ ಇರುತ್ತದೆ. ಬಳಸಲು ಶುರು ಮಾಡುವಾಗಲೇ ಅದನ್ನು ಪುಸ್ತಕದಲ್ಲಿ ಬರೆದು, ಪಕ್ಕದಲ್ಲಿ ಒಂದು ಎಳೆ ಅಂಟಿಸಿ. ಕಾಸರಗೋಡು ಪೇಟೆಗೋ ಮಂಗಳೂರಿಗೋ ಹೋಗುವವರ ಕೈಯಲ್ಲಿ ಆ ಪುಟದ ಫೋಟೋ ಕಳಿಸಿದರೆ ಸಾಕು.

ಅರ್ಧ ಮಾಡಿ ಬಿಟ್ಟ ಕೆಲಸವೇ ರಾಶಿ ಉಂಟು. ನೋಡಿದ್ರೆ ಬೇಜಾರು.

ಅರ್ಧ ಕೆಲಸವನ್ನು ಬಿಡಿಬಿಡಿಯಾಗಿ ಎತ್ತಿಡುವುದರಿಂದ ಹೀಗಾಗುವುದು. ಬಟ್ಟೆ ಪೆಟ್ಟಿಗೆಗೆ, ನೂಲು ಕಡ್ಡಿಗೆ, ಝಿಪ್ ಡಬ್ಬಕ್ಕೆ ಹೋದರೆ ಮತ್ತೆ ಹಿಡಿಯುವ ದಿನ ಅರ್ಧ ಗಂಟೆ ಹುಡುಕಾಟ. ಒಂದು ಕೆಲಸಕ್ಕೆ ಒಂದು ಬಟ್ಟೆ ಚೀಲ ಮಾಡಿ. ಬಟ್ಟೆ, ನೂಲು, ಝಿಪ್, ಅಳತೆಯ ಚೀಟಿ, ಮುಂದೆ ಮಾಡಬೇಕಾದದ್ದು ಏನು ಎಂಬ ಒಂದು ಸಾಲು, ಎಲ್ಲವೂ ಅದರೊಳಗೆ. ನಾನು ಮೂರೇ ಚೀಲ ಹೊಲಿದಿಟ್ಟಿದ್ದೇನೆ. ಮೂರೂ ತುಂಬಿದ್ದರೆ ನಾಲ್ಕನೆಯದಕ್ಕೆ ಕೈ ಹಾಕುವುದಿಲ್ಲ.

## ಗಿರಾಕಿಗಳ ಬಟ್ಟೆ ಹೊಲಿಯುವವರಿಗೆ

ಬೇರೆಯವರ ಬಟ್ಟೆ, ನಮ್ಮ ಬಟ್ಟೆ ಒಂದೇ ಕಪಾಟಿನಲ್ಲಿ. ಒಮ್ಮೆ ಅದಲುಬದಲಾಗಿ ಮರ್ಯಾದೆ ಹೋಯ್ತು.

ಬೇರೆ ಜಾಗ ಇಲ್ಲದಿದ್ದರೂ ಬೇರೆ ಪೆಟ್ಟಿಗೆಯಾದರೂ ಇರಲೇಬೇಕು. ಕೊಟ್ಟವರು ನಂಬಿ ಕೊಟ್ಟದ್ದು. ಮದುವೆಯ ಸೀರೆಯ ಬ್ಲೌಸ್ ಪೀಸ್ ಮತ್ತೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಬಟ್ಟೆ ಕೈಗೆ ಬಂದ ಗಳಿಗೆಯಲ್ಲೇ ಅಂಚಿನಿಂದ ಉಗುರಿನಷ್ಟು ತುಂಡು ಕತ್ತರಿಸಿ ಅಳತೆ ಪುಸ್ತಕದ ಅವರ ಪುಟಕ್ಕೆ ಹೊಲಿಯಿರಿ. ಗೋಂದು ಹಚ್ಚಿದರೆ ಹುಳ ಬರುತ್ತದೆ. ಹೆಸರು ಮಾತ್ರ ಬರೆದರೆ ಸಾಲದು. ನನ್ನಲ್ಲಿಗೆ ಒಂದೇ ಹೆಸರಿನ ನಾಲ್ವರು ಬರುತ್ತಾರೆ, ಆದ್ದರಿಂದ ಮನೆ ಹೆಸರು, ಊರು ಎರಡೂ ಬರೆಯುತ್ತೇನೆ. ನಮ್ಮದು ಏಳು ಭಾಷೆಯ ನೆಲ. ಬರುವವರು ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುತ್ತಾರೆ. ಅವರು ಹೇಳಿದ ಮಾತನ್ನೇ ಕನ್ನಡ ಲಿಪಿಯಲ್ಲಿ ಬರೆದುಕೊಂಡು ಓದಿ ಹೇಳಿ. ಕೈ ಎಷ್ಟುದ್ದ, ಹಿಂದೆ ಎಷ್ಟು ಆಳ ಎಂಬಲ್ಲಿ ಆಮೇಲೆ ತಕರಾರು ಬರುವುದಿಲ್ಲ. ಅಳತೆ ಬ್ಲೌಸ್, ಪೀಸ್, ಲೈನಿಂಗ್ ಮೂರನ್ನೂ ಒಟ್ಟಿಗೆ ಸುತ್ತಿ ಕಟ್ಟಿ. ಉಳಿದ ಬಟ್ಟೆಯನ್ನು ಕೇಳದಿದ್ದರೂ ಹಿಂದೆ ಕೊಡಿ.

ಕಾಗದದ ಪ್ಯಾಟರ್ನ್ ಮಡಚಿ ಮಡಚಿ ಹರಿದು ಹೋಗ್ತದೆ.

ಮಡಚಬೇಡಿ, ಸುತ್ತಿ. ಪ್ಲಂಬಿಂಗ್ ಕೆಲಸದಲ್ಲಿ ಉಳಿದ ಮೂರಿಂಚಿನ ಪಿವಿಸಿ ಪೈಪಿಗೆ ಎರಡೂ ಕಡೆ ಮುಚ್ಚಳ ಹಾಕಿದರೆ ಹುಳವೂ ಹೋಗದು, ತೇವವೂ ಹೋಗದು. ಪೈಪಿನ ಮೈಮೇಲೆ ಪಟ್ಟಿ ಬರೆದು, ಹೆಂಚಿನ ಮನೆಯಾದರೆ ಪಕ್ಕಾಸಿಗೆ (ಮಾಡಿನ ಮರಕ್ಕೆ) ಹಗ್ಗದಲ್ಲಿ ತೂಗಿಬಿಡಿ. ನೆಲದ ಜಾಗ ಒಂದಿಂಚೂ ಬೇಡ.

ತುಂಡು ಬಟ್ಟೆ ಬಿಸಾಡ್ಲಿಕ್ಕೆ ಮನಸ್ಸಾಗುದಿಲ್ಲ, ಇಡ್ಲಿಕ್ಕೆ ಜಾಗ ಇಲ್ಲ.

ಒಂದು ಬಿಸ್ಕೆಟ್ ತಗಡು ಗೊತ್ತು ಮಾಡಿ, ಅದು ತುಂಬಿದರೆ ಒಳಗಿನದ್ದು ಖರ್ಚಾಗದೆ ಹೊಸದು ಸೇರಬಾರದು. ಅರ್ಧ ಮೀಟರಿಗಿಂತ ದೊಡ್ಡದು ಮಡಚಿ ಬಟ್ಟೆಯ ಸಾಲಿಗೆ. ಉದ್ದ ಪಟ್ಟಿ ಪೈಪಿಂಗ್‌ಗೆ, ಕಾಲೊರಸು ಹೆಣೆಯಲು. ಅಂಗೈಗಿಂತ ಸಣ್ಣ ಹತ್ತಿ ತುಂಡು ಪಿನ್ ಕುಶನ್, ತಲೆದಿಂಬಿನ ಒಳಗೆ. ಪಾಲಿಸ್ಟರ್ ತುಂಡನ್ನು ಒಲೆಗೆ ಹಾಕಬೇಡಿ, ಕರಗಿ ಕೆಟ್ಟ ಹೊಗೆ ಬರುತ್ತದೆ. ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರು ಬಂದಾಗ ನಿಮ್ಮ ಪಂಚಾಯತಿನಲ್ಲಿ ಬಟ್ಟೆ ಒಯ್ಯುವ ತಿಂಗಳು ಯಾವುದೆಂದು ಕೇಳಿಟ್ಟುಕೊಳ್ಳಿ.

ನಾವು ಕುಟುಂಬಶ್ರೀಯ (ಕೇರಳದ ಮಹಿಳಾ ಸ್ವಸಹಾಯ ಸಂಘ) ಮೂವರು ಒಟ್ಟಿಗೆ ಹೊಲಿಯುದು. ಸಾಮಾನು ಎಷ್ಟು ತಂದಿಡಬೇಕು?

ಜೂನ್ ಒಂದಕ್ಕೆ ಶಾಲೆ ಶುರುವಾಗುವ ಮೊದಲು ಯೂನಿಫಾರ್ಮ್‌ನ ಗಡಿಬಿಡಿ, ಅದೇ ಹೊತ್ತಿಗೆ ಮಳೆಗಾಲದ ತಯಾರಿ. ಆದ್ದರಿಂದ ಬಟನ್, ಝಿಪ್, ಬಿಳಿ ಮತ್ತು ನೀಲಿ ನೂಲು ಏಪ್ರಿಲ್‌ನಲ್ಲೇ ಬರಲಿ. ಎಲಾಸ್ಟಿಕ್ ಮಾತ್ರ ಹೆಚ್ಚು ತರಬೇಡಿ, ಸೆಕೆಗೆ ಅದರೊಳಗಿನ ರಬ್ಬರ್ ಸತ್ತು ಹೋಗುತ್ತದೆ. 2020ರಲ್ಲಿ ಊರೂರಿನ ಘಟಕಗಳು ಮಾಸ್ಕ್ ಹೊಲಿದಾಗ ನಮಗೆ ಎಲಾಸ್ಟಿಕ್ ಸಿಗದೆ ಬಟ್ಟೆಯ ದಾರ ಕಟ್ಟಿ ಕೊಟ್ಟೆವು. ಆಮೇಲೆ ಹೆದರಿ ರಾಶಿ ತಂದಿಟ್ಟದ್ದರಲ್ಲಿ ಅರ್ಧ ಜಗ್ಗಿದರೆ ಹಿಂದೆ ಬಾರದಂತಾಯಿತು. ಪ್ರತಿ ಡಬ್ಬದಲ್ಲಿ ಕೊನೆಯ ಪೊಟ್ಟಣಕ್ಕೆ ಕೆಂಪು ನೂಲು ಕಟ್ಟಿಡಿ. ಅದನ್ನು ಬಿಚ್ಚಿದವರು ತರಬೇಕಾದ ಪಟ್ಟಿಯಲ್ಲಿ ಬರೆಯಬೇಕು. ಮೂವರಲ್ಲಿ ಯಾರು ಹೇಳಲಿಲ್ಲ ಎಂಬ ಮಾತೇ ಬರುವುದಿಲ್ಲ.

ಅಮ್ಮ ಹೋದ ಮೇಲೆ ಅವರ ಹೊಲಿಗೆ ಪೆಟ್ಟಿಗೆ ಹಾಗೇ ಉಂಟು. ತೆಗಿಲಿಕ್ಕೆ ಧೈರ್ಯ ಬರುದಿಲ್ಲ.

ಇದನ್ನು ಮೂವರು ಕೇಳಿದ್ದಾರೆ. ಅವಸರ ಇಲ್ಲ, ಆದರೆ ಮಳೆಗಾಲಕ್ಕೆ ಮೊದಲು ಒಮ್ಮೆ ತೆಗೆಯಿರಿ. ಹಾಗೇ ಇಟ್ಟರೆ ತುಕ್ಕೂ ಹುಳವೂ ಒಯ್ಯುತ್ತವೆ. ಒಬ್ಬರೇ ಕೂರಬೇಡಿ, ಅಕ್ಕನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕತ್ತರಿಗೆ ಎಣ್ಣೆ ಒರೆಸಿ ಸಾಣೆಗೆ ಕೊಡಿ, ಹಳೆಯ ಕಬ್ಬಿಣದ ಕತ್ತರಿ ಇನ್ನೂ ಎಷ್ಟೋ ವರ್ಷ ಬಾಳುತ್ತದೆ. ಮರದ ಉಂಡೆಯ ಹತ್ತಿ ನೂಲಿನಲ್ಲಿ ಬಲ ಇರುವುದಿಲ್ಲ, ಕಚ್ಚಾ ಹೊಲಿಗೆಗೆ ಬಳಸಿ. ತುಕ್ಕು ಹಿಡಿದ ಹುಕ್ಕನ್ನು ಬಿಟ್ಟುಬಿಡಿ. ಬಟನ್‌ಗಳನ್ನು ಸೋಪಿನ ನೀರಲ್ಲಿ ತೊಳೆದು ಬಟ್ಟೆಯ ಮೇಲೆ ಹರಡಿ ಒಣಗಿಸಿ. ನನ್ನ ಅತ್ತೆಯ ಡಬ್ಬದಲ್ಲಿ ಮಾವನ ಅಂಗಿಯ ಐದು ಬಟನ್ ನೂಲಿನಲ್ಲಿ ಪೋಣಿಸಿ ಇಟ್ಟದ್ದು ಸಿಕ್ಕಿತು. ಅವನ್ನು ಮಗನ ಅಂಗಿಗೆ ಹಾಕಿದ್ದೇನೆ, ನಾಲ್ಕು ಎದುರಿಗೆ, ಒಂದು ಒಳಮಡಿಕೆಯಲ್ಲಿ.